ಗೋದಲಿಯನ್ನು ಹಬ್ಬವಾಗಿಸಿದ ಸಂತ ಫ್ರಾನ್ಸಿಸ್

ಕಿದ್ವಾಯಿ ನಗರದ ನಾವು ಕೆಲವು ಕನ್ನಡ ಕುಟುಂಬದವರು ಕ್ರಿಸ್‌ಮಸ್ ಸಮಯದಲ್ಲಿ ಮಕ್ಕಳೊಂದಿಗೆ ಗೋಲ್ ಡಾಕ್‌ಖಾನೆಯ ಬಳಿಯ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್‌ಗೆ ಹೋಗಿಬರುವುದುಂಟು. ಅಲ್ಲಿಯ ಗೋದಲಿಯನ್ನು ಕಂಡಾಗ ನಮ್ಮ ನವರಾತ್ರಿಯ ಗೊಂಬೆಗಳ ನೆನಪಾಗದೆ ಇರದು. 1929ರಲ್ಲಿ ಶಂಕುಸ್ಥಾಪನೆಯಾದ ಆ ಚರ್ಚಿನ ನಿರ್ಮಾಣಕ್ಕೆ ಮುಂದಾದ ಫಾದರ್ ಲ್ಯೂಕ್ ಫ್ರಾನ್ಸಿಸ್ಕನ್ ಪಂಥದ ಸಂನ್ಯಾಸಿ. ಗೋದಲಿಯ ಪದ್ಧತಿ ಜನಪ್ರಿಯವಾದದ್ದೂ ಆ ಪಂಥದ ಸ್ಥಾಪಕರಿಂದಲೇ.

ಫ್ರಾನ್ಸಿಸರು 1181 ಅಥವಾ 1182ರಲ್ಲಿ ಇಟಲಿಯ ಅಸ್ಸಿಸಿಯಲ್ಲಿ ಜನಿಸಿದರು. ತಂದೆ ಸಿರಿವಂತ ಬಟ್ಟೆ ವ್ಯಾಪಾರಿ. ವಿಲಾಸದಲ್ಲಿ ಬೆಳೆದ ಮಗ 1202ರಲ್ಲಿ ಪೆರುಜಿಯಾದೊಡನೆ ನಡೆದ ಕಾಳಗದಲ್ಲಿ ಸೆರೆಸಿಕ್ಕಿ, ಸುಮಾರು ಒಂದು ವರ್ಷ ಬಂದಿಯಾಗಿದ್ದು, ರೋಗಿಯಾಗಿ ಮರಳಿದರು. ಮನಸ್ಸು ಬೇರೆಡೆ ತಿರುಗಿತು. ಪಾಳುಬಿದ್ದ ಚರ್ಚೊಂದರ ಜೀರ್ಣೋದ್ಧಾರಕ್ಕೆ ಅಂಗಡಿಯ ಬಟ್ಟೆ ಮಾರಿದಾಗ ತಂದೆ ದೂರಿತ್ತರು. 1206ರಲ್ಲಿ ಬಿಷಪ್ಪರ ಸಮ್ಮುಖದಲ್ಲಿ ಫ್ರಾನ್ಸಿಸರು ಹಣದ ಜೊತೆಗೆ ಉಟ್ಟ ಬಟ್ಟೆಯನ್ನೂ ಕಳಚಿ ತಂದೆಗೆ ಒಪ್ಪಿಸಿದರು. ಬ್ಯಾಂಕಿನಲ್ಲಿ ದಿನವಿಡೀ ಜಮಾ-ಖರ್ಚು ನೋಡುವ ನಾವು ಇಂಥ ಲೆಕ್ಕಚುಕ್ತಾ ಕಂಡಿಲ್ಲ.

1209ರಲ್ಲಿ ಅವರ ಬಡ ಸಂನ್ಯಾಸಿಗಳ ಬಳಗಕ್ಕೆ ಪೋಪ್ ಮೂರನೆಯ ಇನ್ನೊಸೆಂಟರ ಒಪ್ಪಿಗೆ ದೊರೆಯಿತು. 1219ರಲ್ಲಿ, ಧರ್ಮಯುದ್ಧದ ನಡುವೆಯೇ, ಅವರು ಈಜಿಪ್ಟಿನಲ್ಲಿ ಸುಲ್ತಾನ್ ಅಲ್-ಕಾಮಿಲನನ್ನು ನಿರಾಯುಧರಾಗಿ ಭೇಟಿಯಾದರು.

1223ರ ಡಿಸೆಂಬರ್. ದೇಹ ಬಳಲಿತ್ತು. ಗ್ರೆಚ್ಚೊ ಎಂಬ ಬೆಟ್ಟದೂರಿನಲ್ಲಿ ಅವರಿಗೆ ಜಾನ್ ಎಂಬ ಮಿತ್ರರಿದ್ದರು. ಹಬ್ಬಕ್ಕೆ ಸುಮಾರು ಹದಿನೈದು ದಿನ ಮುಂಚೆ ಅವರನ್ನು ಕರೆದು, ಬೆತ್ಲೆಹೇಮಿನ ಕೂಸು ಪಟ್ಟ ಪಾಡನ್ನು ಕಣ್ಣಾರೆ ಕಾಣುವ ಬಯಕೆಯನ್ನು ತಿಳಿಸಿದರು. ಸಿದ್ಧವಾದದ್ದು ಒಂದು ಗೋದಲಿ, ಒಣಹುಲ್ಲು, ಜೀವಂತ ಎತ್ತು, ಕತ್ತೆ, ಇಷ್ಟೇ. ಗೊಂಬೆಗಳಿರಲಿಲ್ಲ. ದನಕ್ಕೆ ಮೇವು ಹಾಕುವ ಗೋದಲಿಯನ್ನು ಹಳ್ಳಿಯಲ್ಲಿ ಕಂಡ ನಮಗೆ ಆ ದೃಶ್ಯವನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಊರಜನ ಪಂಜು ಹಿಡಿದು ಬಂದರು. ಗೋದಲಿಯ ಬಳಿಯೇ ಪೂಜೆ ನಡೆಯಿತು. ಫ್ರಾನ್ಸಿಸರು ಸುವಾರ್ತೆಯನ್ನು ಹಾಡಿ, ಬಡತನದಲ್ಲಿ ಹುಟ್ಟಿದ ಅರಸನ ಕುರಿತು ಉಪದೇಶಿಸಿದರು. ಆ ಹುಲ್ಲನ್ನು ಜನ ಕಾಪಿಟ್ಟು ರೋಗದ ದನಗಳಿಗೆ ತಿನ್ನಿಸಿದರೆಂದು ಅವರ ಮೊದಲ ಚರಿತ್ರೆ ಬರೆದ ಚೆಲಾನೊದ ಥಾಮಸರು ದಾಖಲಿಸಿದ್ದಾರೆ.

ಯೇಸುವಿನ ಜನನದ ನಾಟಕಗಳು ಮುಂಚೆಯೂ ಇದ್ದವು. ಆದರೆ ಗೋದಲಿ ಊರೂರಿಗೆ ಹಬ್ಬಿದ್ದು ಮುಖ್ಯವಾಗಿ ಫ್ರಾನ್ಸಿಸ್ಕನ್ನರ ಮೂಲಕ. ಫ್ರಾನ್ಸಿಸರು 1226ರ ಅಕ್ಟೋಬರ್ 3ರಂದು ನಿಧನರಾದರು. 1228ರಲ್ಲಿ ಸಂತಪದವಿ ದೊರೆಯಿತು. ಮುಂದೆ 18ನೆಯ ಶತಮಾನದ ನೇಪಲ್ಸ್‌ನಲ್ಲಿ ಗೋದಲಿಯ ಗೊಂಬೆಗಳಿಗೆ ರೇಷ್ಮೆ ಉಡಿಸಲಾಯಿತು. ಬಟ್ಟೆ ವ್ಯಾಪಾರಿಯ ಮಗ ಕಳಚಿ ಒಪ್ಪಿಸಿದ್ದು ಹೀಗೆ ಹಿಂತಿರುಗಿತು.