ಪದವಿಯ ನಂತರದ 14 ವರ್ಷ: ಶಾಲಾ ಮಾಸ್ತರ ದ.ರಾ. ಬೇಂದ್ರೆ

ವರಕವಿ ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರನ್ನು ಸೊಲ್ಲಾಪುರದ ಕನ್ನಡಿಗರು ತಮ್ಮವರೆಂದು ಹೇಳಿಕೊಳ್ಳುವುದಕ್ಕೆ ಕಾರಣವಿದೆ. 1944ರಿಂದ 1956ರವರೆಗೆ ಅವರು ಆ ಊರಿನ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದರು. ಆದರೆ ಅಲ್ಲಿಗೆ ಬರುವಾಗ ಅವರಿಗೆ 48 ವರ್ಷ, ಬಿ.ಎ. ಪದವಿ ಕೈಸೇರಿ 26 ವರ್ಷಗಳು ಕಳೆದಿದ್ದವು. ಗೌರವದ ಶಾಲು ಹೊದ್ದ ಹಿರಿಯ ಕವಿಯನ್ನು ನಮ್ಮ ಮಕ್ಕಳು ಪಠ್ಯಪುಸ್ತಕದ ಚಿತ್ರದಲ್ಲಿ ಕಂಡಿದ್ದಾರೆ. ಅದಕ್ಕೂ ಹಿಂದಿನ ತರುಣನೊಬ್ಬನಿದ್ದಾನೆ. ಕಾಲೇಜು ಮುಗಿಸಿ, ಮನೆ ನಡೆಸಲು ನೌಕರಿ ಹಿಡಿದು, ನೌಕರಿಯ ಆಚೀಚೆ ಉಳಿದ ಹೊತ್ತಿನಲ್ಲಿ ಕವಿತೆ ಬರೆದವನು. ನಾವು ಹೇಳಹೊರಟಿರುವುದು ಅವನ ಕಥೆ.

ಬೇಂದ್ರೆ ಹುಟ್ಟಿದ್ದು 1896ರ ಜನವರಿ 31ರಂದು, ಧಾರವಾಡದಲ್ಲಿ. ಮನೆಮಾತು ಮರಾಠಿ. ಓಣಿಯ ಮಾತು, ಹಾಡು, ಜಗಳ, ಜಾತ್ರೆಗಳೆಲ್ಲ ಕನ್ನಡ. ಮನೆಯಲ್ಲೊಂದು ಭಾಷೆ, ಹೊಸ್ತಿಲು ದಾಟಿದರೆ ಇನ್ನೊಂದು ಎಂಬ ಸ್ಥಿತಿಯನ್ನು ಅಕ್ಕಲಕೋಟೆಯ, ಜತ್ತದ, ಕಾಸರಗೋಡಿನ ಓದುಗರಿಗೆ ನಾವು ವಿವರಿಸಬೇಕಾಗಿಲ್ಲ. ಬೇಂದ್ರೆಯವರ ವಿಷಯದಲ್ಲಿ ಅದು ಮುಂದೆ ಕೊರತೆಯಾಗದೆ ಸಂಪತ್ತಾಯಿತು. ಕಿವಿಯಿಂದ ಕಲಿತ ಕನ್ನಡವಾದ್ದರಿಂದಲೇ ಅದರ ಲಯ ಅವರಿಗೆ ಅಷ್ಟು ಆಳವಾಗಿ ಸಿಕ್ಕಿತೆಂದು ನಮಗೆ ಅನಿಸುತ್ತದೆ.

ತಂದೆ ಬೇಗನೆ ತೀರಿಕೊಂಡರು. ಬಾಲಕನನ್ನು ಬೆಳೆಸಿದವರು ಅಜ್ಜಿ ಗೋದೂಬಾಯಿ ಮತ್ತು ತಾಯಿ ಅಂಬವ್ವ. ಊರಿನವರಿಗೆ ಅಡುಗೆ ಮಾಡಿಹಾಕಿ ಸಂಸಾರ ತೂಗಿಸಿದ ಹೆಂಗಸರು ಅವರು. 1913ರಲ್ಲಿ ಮೆಟ್ರಿಕ್ ಪರೀಕ್ಷೆ ಮುಗಿದ ಮೇಲೆ ಚಿಕ್ಕಪ್ಪನ ಆಸರೆಯಿಂದ ಪುಣೆಯ ಫರ್ಗ್ಯೂಸನ್ ಕಾಲೇಜಿನ ದಾರಿ ತೆರೆಯಿತು. ಅಲ್ಲಿ ಓದಿದ್ದು ಸಂಸ್ಕೃತ ಮತ್ತು ಇಂಗ್ಲಿಷ್. ಸುತ್ತಲೂ ಮರಾಠಿ ಸಾಹಿತ್ಯದ ಸಂಭ್ರಮ. ಮನೆಮಾತಿನಲ್ಲಿಯೇ ಬರೆದು ಹೆಸರು ಮಾಡುವ ಅವಕಾಶ ಕಣ್ಣೆದುರಿಗಿದ್ದಾಗ ಅವರು ಕವಿತೆಗೆ ಆರಿಸಿಕೊಂಡದ್ದು ಕನ್ನಡವನ್ನು. ಅದರಿಂದ ಬರುವ ಲಾಭವೇನೂ ಆಗ ಕಾಣುವಂತಿರಲಿಲ್ಲ.

1918ರಲ್ಲಿ ಬಿ.ಎ. ಆಯಿತು. ಧಾರವಾಡಕ್ಕೆ ಮರಳಿ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಅಧ್ಯಾಪಕರಾದರು. ಮರುವರ್ಷ ಲಕ್ಷ್ಮೀಬಾಯಿಯವರೊಡನೆ ವಿವಾಹ. 23ರ ಹೊತ್ತಿಗೆ ನೌಕರಿ, ಮನೆ, ಹೊಣೆ ಎಲ್ಲವೂ ಬಂದಿದ್ದವು. ಹಗಲೆಲ್ಲ ತರಗತಿ, ಸಂಜೆ ಮನೆಯ ಲೆಕ್ಕಾಚಾರ; ನಡುವೆ ಉಳಿದದ್ದು ಕವಿತೆಗೆ. ನಮ್ಮ ಊರುಗಳಲ್ಲಿ ಇಂದು ಡಿ.ಎಡ್. ಅಥವಾ ಪದವಿ ಮುಗಿಸಿ ಖಾಸಗಿ ಶಾಲೆ, ಬ್ಯಾಂಕು, ಅಂಗಡಿಗಳಲ್ಲಿ ಸೇರಿಕೊಳ್ಳುವ ಹುಡುಗ ಹುಡುಗಿಯರ ದಿನಚರಿಗೂ ಅದಕ್ಕೂ ಬಹಳ ವ್ಯತ್ಯಾಸವಿರಲಾರದು.

ಕವಿತೆಗೆ ಅವರು ಇಟ್ಟುಕೊಂಡ ಹೆಸರು ಅಂಬಿಕಾತನಯದತ್ತ. ಅಂಬಿಕೆಯ ಮಗನಾದ ದತ್ತ. ತಮ್ಮನ್ನು ಸಾಕಿದ ತಾಯಿಯ ಹೆಸರನ್ನು ಪ್ರತಿ ಕವಿತೆಯ ಕೆಳಗೂ ಬರೆಯುವ ಕ್ರಮವಾಯಿತದು. ಮಾಸ್ತರ ಬೇಂದ್ರೆ ಬೇರೆ, ಒಳಗೆ ಕುಳಿತು ಹಾಡುವ ಅಂಬಿಕಾತನಯದತ್ತ ಬೇರೆ ಎಂಬ ಭಾವವನ್ನು ಅವರು ಕೊನೆಯವರೆಗೂ ಉಳಿಸಿಕೊಂಡರು. ವಿದ್ವಾಂಸರು ಇದಕ್ಕೆ ತಾತ್ತ್ವಿಕ ಅರ್ಥಗಳನ್ನು ಹೇಳಿದ್ದಾರೆ. ನಮ್ಮ ದೃಷ್ಟಿಗೆ ಅದರಲ್ಲಿ ಒಂದು ಸರಳ ವಿವೇಕವೂ ತೋರುತ್ತದೆ: ಸಂಬಳಕ್ಕೆ ದುಡಿಯುವ ಹೆಸರನ್ನೂ ಕವಿತೆ ಕಟ್ಟುವ ಹೆಸರನ್ನೂ ಬೇರೆಯಾಗಿಟ್ಟರೆ ಒಂದರ ದಣಿವು ಇನ್ನೊಂದಕ್ಕೆ ಅಂಟುವುದಿಲ್ಲ.

ಒಂಟಿಯಾಗಿ ಬರೆಯುತ್ತ ಹೋಗಿದ್ದರೆ ಈ ಹುರುಪು ಎಷ್ಟು ವರ್ಷ ಬಾಳುತ್ತಿತ್ತೋ ಹೇಳಲಾಗದು. 1922ರಲ್ಲಿ ಧಾರವಾಡದಲ್ಲಿ ಗೆಳೆಯರ ಗುಂಪು ರೂಪುಗೊಂಡಿತು. ಶಂಬಾ ಜೋಶಿ, ಬೆಟಗೇರಿ ಕೃಷ್ಣಶರ್ಮ, ಮಧುರಚೆನ್ನ, ರಂ.ಶ್ರೀ. ಮುಗಳಿ, ವಿ.ಕೃ. ಗೋಕಾಕ ಮೊದಲಾದವರು ಆ ಬಳಗದೊಳಗೆ ಬಂದವರು. ಇವರಲ್ಲಿ ಹೆಚ್ಚಿನವರು ಒಂದೋ ಶಿಕ್ಷಕರು, ಇಲ್ಲವೇ ಇನ್ನೂ ವಿದ್ಯಾರ್ಥಿಗಳು. ಬಿಜಾಪುರ ಜಿಲ್ಲೆಯ ಹಲಸಂಗಿಯ ಮಧುರಚೆನ್ನರು ತಮ್ಮ ಗೆಳೆಯರೊಡನೆ ಹಳ್ಳಿಯ ಹೆಂಗಸರ ಹಾಡುಗಳನ್ನು ಸಂಗ್ರಹಿಸುತ್ತಿದ್ದರು. ಬೀಸುಕಲ್ಲಿನ ಹಾಡು, ಲಾವಣಿಗಳ ಧಾಟಿ ಬೇಂದ್ರೆಯವರ ಕವಿತೆಗೆ ಇಳಿದು ಬಂದುದರ ಹಿಂದೆ ಇಂಥ ಸಹವಾಸವಿದೆ. ಧಾರವಾಡದ ಆಡುಮಾತನ್ನು ಅಚ್ಚಿನ ಕವಿತೆಯಲ್ಲಿ ನಾಚದೆ ಬಳಸುವ ಧೈರ್ಯವೂ ಅಲ್ಲಿಯೇ ಬಲಿಯಿತು. ಗಡಿಭಾಗದ ಕನ್ನಡ ಅಶುದ್ಧವೆಂದು ಪರೀಕ್ಷಕರಿಂದ ಕೇಳಿಸಿಕೊಂಡ ಮಕ್ಕಳು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

1929ರಲ್ಲಿ ಬೆಳಗಾವಿಯಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ಕಾಲವನ್ನು ಹಕ್ಕಿಯಾಗಿ ಕಂಡ ತಮ್ಮ ಕವಿತೆಯನ್ನು ಬೇಂದ್ರೆ ಅಲ್ಲಿ ಓದಿದಾಗ ಸಭೆ ಬೆರಗಾಯಿತು. ಧಾರವಾಡದ ಶಾಲಾ ಮಾಸ್ತರನ ಹೆಸರು ಮೈಸೂರು ಸೀಮೆಗೂ ಹರಡಿತು. ಆದರೆ ಮೊದಲ ಪ್ರಮುಖ ಸಂಕಲನ ‘ಗರಿ’ ಹೊರಬಂದದ್ದು 1932ರಲ್ಲಿ. ಅಂದರೆ ಪದವಿಯಿಂದ ಪುಸ್ತಕಕ್ಕೆ 14 ವರ್ಷ. ಆ ವೇಳೆಗೆ ಅವರು 36ರ ಗೃಹಸ್ಥರು.

ಆ ಪುಸ್ತಕವೇ ಅವರ ನೌಕರಿಗೆ ಎರವಾಯಿತು. ಅದರಲ್ಲಿದ್ದ ‘ನರಬಲಿ’ ಎಂಬ ಕವಿತೆಯಲ್ಲಿ ಬ್ರಿಟಿಷ್ ಸರ್ಕಾರ ರಾಜದ್ರೋಹವನ್ನು ಕಂಡಿತು. ಬೇಂದ್ರೆಯವರನ್ನು ಹಿಂಡಲಗಾ ಸೆರೆಮನೆಗೆ ಕಳುಹಿಸಿ, ಬಳಿಕ ಧಾರವಾಡದ ಹತ್ತಿರದ ಮುಗದ ಗ್ರಾಮದಲ್ಲಿ ನಿರ್ಬಂಧದಲ್ಲಿರಿಸಲಾಯಿತು. ಬಿಡುಗಡೆಯಾದ ಮೇಲೂ ರಾಜದ್ರೋಹಿ ಎಂಬ ಮುದ್ರೆ ಉಳಿಯಿತು. ವರ್ಷಗಳ ಕಾಲ ಸ್ಥಿರವಾದ ಕೆಲಸ ಸಿಗಲಿಲ್ಲ. 1935ರಲ್ಲಿ, ಸುಮಾರು ನಲವತ್ತರ ವಯಸ್ಸಿನಲ್ಲಿ, ಎಂ.ಎ. ಮುಗಿಸಿದರು, ಆದರೂ ಹುದ್ದೆ ಒದಗಿ ಬರಲಿಲ್ಲ.

ಈ ಕಷ್ಟದ ಲೆಕ್ಕವನ್ನು ಕವಿಯೊಬ್ಬರ ಹೆಸರಿಗೇ ಬರೆಯುವುದು ನ್ಯಾಯವಲ್ಲ. ಒಲೆ ಹೊತ್ತಿಸುವವರು ಲಕ್ಷ್ಮೀಬಾಯಿ. ಹೆತ್ತ ಮಕ್ಕಳಲ್ಲಿ ಹಲವರನ್ನು ಆ ದಂಪತಿ ಕಳೆದುಕೊಂಡರು. ಮಗುವನ್ನು ಕಳೆದುಕೊಂಡ ತಾಯಿಯ ನೋಟವನ್ನು ಎದುರಿಸಲಾರದ ತಂದೆಯ ಪಾಡು ಅವರ ಅತ್ಯಂತ ಪ್ರಸಿದ್ಧ ಕವಿತೆಗಳಲ್ಲೊಂದಾಗಿದೆ. 1937ರ ‘ಸಖೀಗೀತ’ ತಮ್ಮ ದಾಂಪತ್ಯದ ಸುಖದುಃಖಗಳನ್ನೇ ಕಥನವಾಗಿ ಕಟ್ಟಿದ ಕಾವ್ಯ. ಅದನ್ನು ಓದುವಾಗ, ಈ ಕವಿತ್ವದ ಬೆಲೆಯನ್ನು ಮನೆಯೂ ತೆತ್ತಿತೆಂಬುದು ನಮಗೆ ಮರೆಯುವಂತಿಲ್ಲ. ಮರುವರ್ಷ ‘ಉಯ್ಯಾಲೆ’, ‘ನಾದಲೀಲೆ’ಗಳು ಬಂದವು. ಸ್ಥಿರ ಸಂಬಳವಿಲ್ಲದ ದಶಕವೇ ಅವರ ಶ್ರೇಷ್ಠ ಫಸಲಿನ ದಶಕವೂ ಆಯಿತು. ಬಡತನ ಕವಿತೆ ಬರೆಸುತ್ತದೆಂಬ ಮಾತನ್ನು ಮಾತ್ರ ನಾವು ಒಪ್ಪಲಾರೆವು. ಮಾಸ್ತರಿಕೆಯ ವರ್ಷಗಳಲ್ಲಿ ಬೆಳೆದ ರೂಢಿ ನೌಕರಿ ಹೋದ ಮೇಲೂ ನಿಲ್ಲಲಿಲ್ಲ, ಅಷ್ಟೆ.

1943ರಲ್ಲಿ ಶಿವಮೊಗ್ಗದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ನಾಡು ಹೀಗೆ ಗೌರವಿಸಿದ ಮರುವರ್ಷ ಸೊಲ್ಲಾಪುರ ಕರೆದು ಕೆಲಸ ಕೊಟ್ಟಿತು. ಮರಾಠಿ ಪ್ರಧಾನವಾದ ಊರಿನ ಕಾಲೇಜಿನಲ್ಲಿ ಕನ್ನಡ ಕಲಿಸಲು ಮರಾಠಿ ಮನೆಮಾತಿನ ಕನ್ನಡ ಕವಿ ಬಂದದ್ದು ಅಪೂರ್ವ ಯೋಗ. ‘ಹಾಡುಪಾಡು’, ‘ಗಂಗಾವತರಣ’ ಸಂಕಲನಗಳು ಹೊರಬಂದದ್ದು ಈ ಅವಧಿಯಲ್ಲಿ. ಅವರು ಮರಾಠಿಯಲ್ಲಿಯೂ ಗ್ರಂಥಗಳನ್ನು ಬರೆದರು; ಎರಡು ಭಾಷೆಗಳ ನಡುವೆ ಜಗಳ ಹಚ್ಚಲಿಲ್ಲ.

1956ರಲ್ಲಿ ನಿವೃತ್ತರಾಗಿ ಅವರು ಧಾರವಾಡ ಆಕಾಶವಾಣಿಯ ಸಲಹೆಗಾರರಾದರು. ಅದೇ ವರ್ಷದ ರಾಜ್ಯ ವಿಂಗಡಣೆಯಲ್ಲಿ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು, ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. ‘ಅರಳು ಮರಳು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, ‘ನಾಕುತಂತಿ’ಗೆ ಜ್ಞಾನಪೀಠ ಆಮೇಲೆ ಬಂದವು. 1981ರ ಅಕ್ಟೋಬರ್ 26ರಂದು ಮುಂಬಯಿಯಲ್ಲಿ ಅವರು ಕಾಲವಶರಾದರು. ಧಾರವಾಡದ ಸಾಧನಕೇರಿಯಲ್ಲಿ ಅವರು ಬಾಳಿದ ಮನೆ ಇದೆ, ಸಮೀಪದಲ್ಲಿಯೇ ಬೇಂದ್ರೆ ಭವನವಿದೆ. ಶಾಲೆಯ ಪ್ರವಾಸ ಆ ಕಡೆಗೆ ಹೋದಾಗ ಮಕ್ಕಳಿಗೆ ಅದನ್ನು ತೋರಿಸುವಂತೆ ಪಾಲಕರು ಶಿಕ್ಷಕರನ್ನು ಕೇಳಿಕೊಳ್ಳಬಹುದು.