ಗುಂಟೆ ಜಮೀನು ಕೊಡದ ನಾಡು ಕಟ್ಟಡಕ್ಕೇ ಹೆಸರಿಟ್ಟಿತು!

ಒಂದು ಸರ್ಕಲ್‌ಗೆ ಹೆಸರಿಡೋದು ಅಂದ್ರೆ ನಮ್ಮ ಕಡೆ ಏನೇನಾಗುತ್ತೆ ಅಂತ ಬಸ್ ಸ್ಟ್ಯಾಂಡಿನಲ್ಲಿ ನಿಂತವರಿಗೆಲ್ಲ ಗೊತ್ತು. ಪುರಸಭೆಯಲ್ಲಿ ಒಂದು ಠರಾವು, ಅದಕ್ಕೊಂದು ವಿರೋಧ, ರಾತ್ರೋರಾತ್ರಿ ಒಂದು ಬೋರ್ಡು, ಬೆಳಗಾದರೆ ಪೊಲೀಸು. ಬೋರ್ಡಿನಲ್ಲಿರೋ ಮನುಷ್ಯ ಏನು ಮಾಡಿದ ಅಂತ ಕೇಳಿದರೆ ಮಾತ್ರ ಎಲ್ಲರೂ ತಲೆ ಕೆರೆದುಕೊಳ್ತಾರೆ.

ಅಮೆರಿಕದಲ್ಲಿ ವಾಡಿಕೆ ಬೇರೆ. ಅಂಚೆ ಕಚೇರಿಗೆ ಯಾರದಾದರೂ ಹೆಸರಿಡಬೇಕಾದರೆ ಅಲ್ಲಿನ ಕಾಂಗ್ರೆಸ್ಸಿನ ಎರಡೂ ಸಭೆಗಳಲ್ಲಿ ಮಸೂದೆ ಪಾಸಾಗಬೇಕು, ಅದರ ಮೇಲೆ ಅಧ್ಯಕ್ಷರ ರುಜು ಬೀಳಬೇಕು. 2005ರಲ್ಲಿ ಹಾಗೆ ಪಾಸಾದ ಒಂದು ಹೆಸರು ನಮ್ಮ ದೇಶದವರದ್ದು. ಕ್ಯಾಲಿಫೋರ್ನಿಯಾದ ಟೆಮೆಕ್ಯುಲಾ ಊರಿನ ಅಂಚೆ ಕಚೇರಿಗೆ ದಲೀಪ್ ಸಿಂಗ್ ಸೌಂದ್ ಹೆಸರು.

ಯಾರಪ್ಪಾ ಈ ಸೌಂದ್ ಅಂತೀರಾ? 1899ರಲ್ಲಿ ಅಮೃತಸರದ ಹತ್ತಿರದ ಒಂದು ಹಳ್ಳಿಯಲ್ಲಿ ಹುಟ್ಟಿದ ಸಿಖ್ಖರು. ತಂದೆ ತಾಯಿಗೆ ಓದು ಬರಹ ಇರಲಿಲ್ಲ. ಮಗ ಮಾತ್ರ 1920ರಲ್ಲಿ ಹಡಗು ಹತ್ತಿ ಅಮೆರಿಕ ಸೇರಿದ. ಹಣ್ಣು ತರಕಾರಿ ಕೆಡದಂತೆ ಡಬ್ಬಿಗೆ ತುಂಬೋ ವಿದ್ಯೆ ಕಲಿತು ಊರಿಗೆ ವಾಪಸಾಗೋದು ಲೆಕ್ಕಾಚಾರ. ಆದರೆ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಗಣಿತದ ಕಡೆ ಹೊರಳಿ, 1924ರಲ್ಲಿ ಡಾಕ್ಟರೇಟ್ ಪಡೆದರು.

ಡಾಕ್ಟರೇಟ್ ಬಂತು, ತಕ್ಕ ಕೆಲಸ ಬರಲಿಲ್ಲ. 1923ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟು ಭಾರತೀಯರು ಬಿಳಿಯರಲ್ಲ, ಪೌರತ್ವ ಕೊಡೋ ಹಾಗಿಲ್ಲ ಅಂತ ತೀರ್ಪು ಕೊಟ್ಟಿತ್ತು. ಪೌರತ್ವಕ್ಕೆ ಅರ್ಹತೆ ಇಲ್ಲದವರು ಕ್ಯಾಲಿಫೋರ್ನಿಯಾದಲ್ಲಿ ಜಮೀನು ಕೊಳ್ಳೋ ಹಾಗೂ ಇರಲಿಲ್ಲ. ಗಣಿತದ ಡಾಕ್ಟರು ಇಂಪೀರಿಯಲ್ ಕಣಿವೆಯ ಬಿಸಿಲಿಗೆ ಇಳಿದು, ಹತ್ತಿ ಬಿಡಿಸೋ ಕೂಲಿಗಳ ಮೇಸ್ತ್ರಿಯಾದರು. ಆಮೇಲೆ ಸೊಪ್ಪು, ಹುಲ್ಲು ಬೆಳೆದರು. ಬೆಲೆ ಕುಸಿದು ಸಾಲ ತಲೆಗೇರಿದಾಗ ಪಾಪರ್ ಅರ್ಜಿ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಹಾಕಲಿಲ್ಲ. ವರ್ಷಗಟ್ಟಲೆ ದುಡಿದು ತೀರಿಸಿದರು. ಅಂಗಡಿ ಇಟ್ಟವರಿಗೆ ಇದರ ಬೆಲೆ ಗೊತ್ತು.

ಸೌಂದ್ ಕೈಕಟ್ಟಿ ಕೂರಲಿಲ್ಲ. ಅಲ್ಲಿದ್ದ ಭಾರತೀಯರನ್ನು ಸೇರಿಸಿ ಸಂಘ ಕಟ್ಟಿ, ಪೌರತ್ವಕ್ಕಾಗಿ ಓಡಾಡಿದರು. 1946ರಲ್ಲಿ ಕಾನೂನು ಬದಲಾಯಿತು. 1949ರಲ್ಲಿ ಸೌಂದ್ ಅಮೆರಿಕದ ಪೌರರಾದರು. ಮರುವರ್ಷವೇ ವೆಸ್ಟ್‌ಮೋರ್ಲೆಂಡ್ ಊರಿನಲ್ಲಿ ನ್ಯಾಯಾಧೀಶರ ಹುದ್ದೆಗೆ ಚುನಾವಣೆಗೆ ನಿಂತು ಗೆದ್ದರು. ಪೌರರಾಗಿ ವರ್ಷ ತುಂಬಿಲ್ಲ ಅಂತ ಗೆಲುವು ರದ್ದಾಯಿತು. 1952ರಲ್ಲಿ ಮತ್ತೆ ನಿಂತರು, ಮತ್ತೆ ಗೆದ್ದರು, ಕುರ್ಚಿಯಲ್ಲಿ ಕೂತರು.

1956ರಲ್ಲಿ ಕಾಂಗ್ರೆಸ್ಸಿಗೆ ಸ್ಪರ್ಧೆ. ಎದುರಾಳಿ ಸಾಮಾನ್ಯರಲ್ಲ, ಶಬ್ದದ ವೇಗ ಮೀರಿ ವಿಮಾನ ಹಾರಿಸಿದ ಮೊದಲ ಮಹಿಳೆ ಜಾಕ್ವೆಲಿನ್ ಕಾಕ್ರನ್. ಗಂಡ ಭಾರಿ ಶ್ರೀಮಂತ. ಆದರೂ ಗೆದ್ದವರು ಸೌಂದ್. ಏಷ್ಯಾದಲ್ಲಿ ಹುಟ್ಟಿ ಅಮೆರಿಕದ ಕಾಂಗ್ರೆಸ್ಸಿಗೆ ಮತದಾನದ ಹಕ್ಕಿನೊಂದಿಗೆ ಆರಿಸಿಬಂದವರಲ್ಲಿ ಅವರೇ ಮೊದಲಿಗರು. 1957ರಲ್ಲಿ ಭಾರತಕ್ಕೂ ಬಂದು ಹೋದರು. ಒಟ್ಟು ಮೂರು ಸಲ ಗೆದ್ದರು. 1962ರಲ್ಲಿ ಪಾರ್ಶ್ವವಾಯು ಬಡಿದು ಮಾತೇ ಹೊರಡದಂತಾಯಿತು. ಪ್ರಚಾರಕ್ಕೆ ಹೋಗಲಾಗದೆ ಆ ಸಲ ಸೋತರು. 1973ರಲ್ಲಿ ತೀರಿಕೊಂಡರು.

ಸತ್ತ 32 ವರ್ಷಕ್ಕೆ ಅಂಚೆ ಕಚೇರಿಗೆ ಹೆಸರು ಬಂತು. ಹೆಸರಿಟ್ಟ ಮಾತ್ರಕ್ಕೆ ಅಲ್ಲಿ ಸ್ಟಾಂಪಿನ ಬೆಲೆ ಇಳಿಯಲಿಲ್ಲ, ಕ್ಯೂ ಕರಗಲಿಲ್ಲ. ಆದರೆ ಒಂದು ಕಾಲಕ್ಕೆ ಆ ಮನುಷ್ಯನ ಹೆಸರಿಗೆ ಒಂದು ಗುಂಟೆ ಜಮೀನು ಬರೆದುಕೊಡೋಕೆ ಒಪ್ಪದ ನಾಡಿನಲ್ಲಿ, ಸರ್ಕಾರಿ ಕಟ್ಟಡವೇ ಅವರ ಹೆಸರಿಗೆ ಬಂತು. ಅದೂ ಅವರು ಕೂತಿದ್ದ ಸಭೆಯಲ್ಲೇ ಮಸೂದೆ ಪಾಸಾಗಿ.

ನಾಳೆ ಬಸ್ಸಿಗೆ ಕಾಯುವಾಗ ತಲೆ ಮೇಲಿನ ಬೋರ್ಡು ಒಮ್ಮೆ ಓದಿ ನೋಡಿ. ಅದರಲ್ಲಿರೋರು ಯಾರು ಅಂತ ಪಕ್ಕದವರನ್ನ ಕೇಳಿ. ಅವರಿಗೂ ಗೊತ್ತಿಲ್ಲದಿದ್ದರೆ ಹೆಸರಿಟ್ಟವರನ್ನೇ ಕೇಳಿ. ಬೋರ್ಡಿಗೆ ಬಣ್ಣ ಬಳಿಯೋ ಖರ್ಚು ನಮ್ಮದೇ ತಾನೇ?