ಈಜಿಪ್ಟಿನ ಮರಳಿನಲ್ಲಿ ನಮ್ಮ ಕರಾವಳಿಯನ್ನು ಹುಡುಕಿದವರು

ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಮ್ಮ ಕಡೆಯ ಹಿರಿಯರೊಬ್ಬರ ಬಗ್ಗೆ ಬರೆಯಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ ನಾನು ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳ ಹೆಸರು ಹೇಳಿದೆ. ಕವಿಯ ವಿಷಯ ಬರೆಯಲು ಕನ್ನಡ ಪಂಡಿತರಿದ್ದಾರಲ್ಲ, ಸಮಾಜ ವಿಜ್ಞಾನದ ಮೇಷ್ಟ್ರಿಗೇಕೆ ಈ ಕೆಲಸ ಎಂದು ಸಮಿತಿಯಲ್ಲಿ ಒಬ್ಬರು ತಮಾಷೆ ಮಾಡಿದರು. ಅವರ ಕವಿತೆಯ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಎಂಟನೆಯ ತರಗತಿಗೆ ಜಗತ್ತಿನ ಪ್ರಾಚೀನ ನಾಗರಿಕತೆಗಳ ಪಾಠ ಮಾಡುವಾಗಲೆಲ್ಲ ನನ್ನ ನೆರವಿಗೆ ಬಂದವರು ಇನ್ನೊಬ್ಬ ಗೋವಿಂದ ಪೈಗಳು. ಅವರು ಸಂಶೋಧಕರು. ನಮ್ಮ ಹಳೆ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಅವರ ಪರಿಚಯ ಕಡಿಮೆ.

ಅವರು ಹುಟ್ಟಿದ್ದು 1883ರ ಮಾರ್ಚ್ 23ರಂದು, ಮಂಜೇಶ್ವರದಲ್ಲಿ, ತಾಯಿಯ ತವರುಮನೆಯಲ್ಲಿ. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈ, ತಾಯಿ ದೇವಕಿಯಮ್ಮ. ಮನೆಮಾತು ಕೊಂಕಣಿ, ಅಂಗಳಕ್ಕಿಳಿದರೆ ತುಳು, ಶಾಲೆಗೆ ಬಂದರೆ ಕನ್ನಡ, ಸ್ವಲ್ಪ ತೆಂಕಕ್ಕೆ ನಡೆದರೆ ಮಲಯಾಳ. ನಮ್ಮ ಶಾಲೆಯ ಯಾವುದೇ ತರಗತಿಯಲ್ಲಿ ಹಾಜರಿ ಕರೆದರೂ ಇಷ್ಟು ಭಾಷೆಯ ಮಕ್ಕಳು ಸಿಗುತ್ತಾರೆ. ಬ್ಯಾರಿ ಮಾತಾಡುವವರೂ ಇದ್ದಾರೆ. ಹಾಗಾಗಿ ಪೈಗಳಿಗೆ ಇಪ್ಪತ್ತಕ್ಕಿಂತ ಹೆಚ್ಚು ಭಾಷೆ ಬರುತ್ತಿತ್ತು ಎಂದು ಹೇಳಿದಾಗ ಮಕ್ಕಳು ಬೆರಗಾಗುವುದಕ್ಕಿಂತ ಮೊದಲು ತಮ್ಮದನ್ನು ಬೆರಳು ಮಡಚಿ ಎಣಿಸಿಕೊಳ್ಳುತ್ತಾರೆ. ಅನೇಕರಿಗೆ ನಾಲ್ಕು ಸಿಗುತ್ತದೆ, ಕೆಲವರಿಗೆ ಐದು.

ಮಂಗಳೂರಿನಲ್ಲಿ ಓದುವಾಗ ಪಂಜೆ ಮಂಗೇಶರಾಯರು ಅವರಿಗೆ ಗುರುಗಳು. ಮುಂದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿಗೆ ಹೋದರು. ಬಿ.ಎ. ಅಂತಿಮ ಪರೀಕ್ಷೆಯ ಹೊತ್ತಿಗೆ ತಂದೆಯ ಕಾರಣದಿಂದ ಊರಿಗೆ ಹಿಂತಿರುಗಬೇಕಾಯಿತು. ತಂದೆ ತೀರಿಕೊಂಡರು, ಹಿರಿಯ ಮಗನ ಹೆಗಲಿಗೆ ಮನೆ ಬಂತು. ಬರೆದಿದ್ದ ಇಂಗ್ಲಿಷಿನಲ್ಲಿ ಚಿನ್ನದ ಪದಕ ಸಿಕ್ಕಿತು, ಪದವಿ ಮಾತ್ರ ಸಿಗಲಿಲ್ಲ. ಮುಂದೆ ಅದಕ್ಕಾಗಿ ಅವರು ಮತ್ತೆ ಪ್ರಯತ್ನಿಸಲೂ ಇಲ್ಲ. ಮಂಜೇಶ್ವರದಲ್ಲಿ ನೆಲೆನಿಂತು ಪುಸ್ತಕ ತರಿಸಿ ಓದಿದರು. ಪಾಲಿ, ಪಾರಸಿ, ಬಂಗಾಳಿ, ಗ್ರೀಕ್, ಲ್ಯಾಟಿನ್ ಎಲ್ಲ ಹೀಗೆ ಕೂಡಿಬಂದ ಭಾಷೆಗಳು. ಹತ್ತನೆಯಲ್ಲಿ ಫೇಲಾದ ಮಗುವಿನ ತಂದೆತಾಯಿ ಶಾಲೆಗೆ ಬಂದು ಇನ್ನು ಇವನ ಓದು ಮುಗಿಯಿತು ಎಂದಾಗ ನಾನು ಹೇಳುತ್ತಿದ್ದುದು ಇವರ ಕಥೆಯನ್ನೇ.

1911ರಲ್ಲಿ ಅವರು ಕವಿತೆಯಲ್ಲಿ ಆದಿಪ್ರಾಸವನ್ನು ಬಿಟ್ಟದ್ದು, ಗಿಳಿವಿಂಡು, ಕ್ರಿಸ್ತನ ಕೊನೆಯ ದಿನದ ಗೊಲ್ಗೊಥಾ, ಬುದ್ಧನ ಕೊನೆಯ ದಿನಗಳ ವೈಶಾಖಿ, ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದದ್ದು, 1949ರಲ್ಲಿ ಮದರಾಸು ಸರಕಾರ ಕೊಟ್ಟ ರಾಷ್ಟ್ರಕವಿ ಬಿರುದು, 1951ರ ಮುಂಬಯಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, ಇವೆಲ್ಲ ಪಠ್ಯಪುಸ್ತಕದ ಕವಿ ಪರಿಚಯದಲ್ಲಿ ಬರುತ್ತವೆ. ಒಂದನ್ನು ಮಾತ್ರ ಗಮನಿಸಬೇಕು. ಯೆರೂಸಲೇಮಾಗಲಿ ಕುಶಿನಗರವಾಗಲಿ ಈ ಮನುಷ್ಯನಿಗೆ ಪರಸ್ಥಳವೆನಿಸಿರಲಿಲ್ಲ. ಕಾಲನಿರ್ಣಯವೆಂದರೆ ಅವರಿಗೆ ಪ್ರಾಣ. ಶ್ರವಣಬೆಳಗೊಳದ ಗೊಮ್ಮಟನ ಪ್ರತಿಷ್ಠೆಯಾದದ್ದು ಕ್ರಿ.ಶ. 981ರ ಮಾರ್ಚ್ 13ರಂದು ಎಂದು ತಿಂಗಳು ತಾರೀಖಿನ ಸಮೇತ ಲೆಕ್ಕ ಹಾಕಿ ಹೇಳಿದವರು ಅವರು. ಒಪ್ಪದವರಿದ್ದರು. ಆದರೆ ಒಪ್ಪದವರೂ ಆ ಲೆಕ್ಕಕ್ಕೆ ಉತ್ತರ ಕೊಡಬೇಕಾಯಿತು.

ಈಗ ಈಜಿಪ್ಟಿಗೆ ಬರೋಣ. ಕೈರೋದಿಂದ ದಕ್ಷಿಣಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣವಿತ್ತು. ಆ ಹೆಸರು ಒಂದು ಚೂಪುಮೂತಿಯ ಮೀನಿನದು. ಮೀನಿನ ಹೆಸರಿನ ಊರು ಎಂದರೆ ನಮ್ಮ ಮಕ್ಕಳಿಗೆ ಕೂಡಲೇ ಪ್ರೀತಿ ಹುಟ್ಟುತ್ತದೆ. 1896ರ ಚಳಿಗಾಲದಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ಇಂಗ್ಲಿಷ್ ವಿದ್ವಾಂಸರು ಅಲ್ಲಿ ಅಗೆಯಲು ಹೋದರು. ಅವರು ಅಗೆದದ್ದು ಪಿರಮಿಡ್ಡನ್ನಲ್ಲ, ರಾಜರ ಗೋರಿಯನ್ನಲ್ಲ, ಊರಿನವರು ಶತಮಾನಗಟ್ಟಲೆ ಕಸ ಸುರಿದ ದಿಬ್ಬಗಳನ್ನು. ಕಸದಲ್ಲಿ ಸಿಕ್ಕಿದ್ದು ಕಾಗದಪತ್ರ. ಕಾಗದ ಎಂದೆನಾದರೂ ಅದು ಪಪೈರಸ್, ನೈಲ್ ನದಿಯ ಜೌಗಿನಲ್ಲಿ ಬೆಳೆಯುವ ಜೊಂಡಿನ ತಿರುಳನ್ನು ಸೀಳಿ, ಅಡ್ಡ ಉದ್ದ ಹಾಸಿ, ಒತ್ತಿ ಒಣಗಿಸಿದ ಹಾಳೆ. ತೆರಿಗೆ ರಸೀದಿ, ಸಾಲದ ಪತ್ರ, ಮಗ ತಂದೆಗೆ ಬರೆದ ಓಲೆ, ಹರಿದ ಕಾವ್ಯದ ತುಂಡು, ಎಲ್ಲವೂ. ಅವುಗಳನ್ನು ಓದಿ ಪ್ರಕಟಿಸಿದ ಸಂಪುಟಗಳು ಎಂಬತ್ತನ್ನು ದಾಟಿದರೂ ಕೆಲಸ ಇನ್ನೂ ಮುಗಿದಿಲ್ಲ.

1903ರಲ್ಲಿ ಬಂದ ಮೂರನೆಯ ಸಂಪುಟದಲ್ಲಿ 413ನೆಯ ಸಂಖ್ಯೆಯದು ಒಂದು ಗ್ರೀಕ್ ಪ್ರಹಸನ. ಹಾಳೆ ಕ್ರಿ.ಶ. ಎರಡನೆಯ ಶತಮಾನದ್ದು. ಆಗ ಈಜಿಪ್ಟನ್ನು ಆಳುತ್ತಿದ್ದವರು ರೋಮನರು, ಕಚೇರಿಯಲ್ಲೂ ರಂಗದಲ್ಲೂ ನಡೆಯುತ್ತಿದ್ದುದು ಗ್ರೀಕ್. ಕಥೆ ಇಷ್ಟು: ಖರಿಟಿಯಾನ್ ಎಂಬ ಗ್ರೀಕ್ ಹುಡುಗಿ ಭಾರತದ ಕಡಲತೀರದ ಒಂದು ರಾಜ್ಯದಲ್ಲಿ ಸಿಕ್ಕಿಬಿದ್ದಿದ್ದಾಳೆ, ಅವಳನ್ನಿಟ್ಟಿರುವುದು ಚಂದ್ರದೇವತೆಯ ಗುಡಿಯಲ್ಲಿ. ಬಿಡಿಸಿಕೊಂಡು ಹೋಗಲು ಅವಳ ಅಣ್ಣ ಹಡಗಿನವರೊಂದಿಗೆ ಬರುತ್ತಾನೆ. ಗುಡಿಯ ಸೊತ್ತನ್ನೂ ಹೊತ್ತುಕೊಂಡು ಹೋಗೋಣವೆಂದು ವಿದೂಷಕ ಹೇಳುತ್ತಾನೆ, ಹುಡುಗಿ ಒಪ್ಪುವುದಿಲ್ಲ. ರಾಜನಿಗೂ ಅವನ ಮಂದಿಗೂ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಕುಣಿಸಿ, ಅಮಲೇರಿಸಿ ಎಲ್ಲರೂ ಹಡಗು ಹತ್ತುತ್ತಾರೆ. ವಿದೂಷಕನ ಮುಖ್ಯ ಆಯುಧ ಅವನ ಹೊಟ್ಟೆಯ ವಾಯು. ಶತ್ರುಗಳನ್ನು ಅದರಿಂದಲೇ ಬೆದರಿಸುತ್ತಾನೆ. ಎಲ್ಲಿ ಮದ್ದಳೆಯಂಥ ವಾದ್ಯ ಬಾರಿಸಬೇಕು ಎಂಬುದಕ್ಕೆ ಹಾಳೆಯಲ್ಲಿ ಗುರುತುಗಳಿವೆ. ರಾತ್ರಿಯಿಡೀ ಬಯಲಾಟ ನೋಡಿ ಬೆಳಿಗ್ಗೆ ಶಾಲೆಯಲ್ಲಿ ತೂಕಡಿಸುವ ನಮ್ಮ ಹುಡುಗರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ, ಹಾಸ್ಯಗಾರ ಅವರಿಗೆ ಗೊತ್ತಿದ್ದವನೇ.

ತೊಡಕಿರುವುದು ರಾಜ ಮತ್ತು ಅವನ ಮಂದಿಯ ಮಾತಿನಲ್ಲಿ. ಅವರು ಗ್ರೀಕೇತರ ಭಾಷೆಯೊಂದರಲ್ಲಿ ಮಾತಾಡುತ್ತಾರೆ, ಅದನ್ನು ಗ್ರೀಕ್ ಅಕ್ಷರಗಳಲ್ಲಿ ಬರೆದಿಟ್ಟಿದ್ದಾರೆ. ಮದರಾಸಿನಲ್ಲಿ ಶಾಸನತಜ್ಞರಾಗಿದ್ದ ಜರ್ಮನ್ ವಿದ್ವಾಂಸ ಹುಲ್ಟ್ಷ್ 1904ರಲ್ಲಿ ಇದು ಕನ್ನಡವಿರಬಹುದು ಎಂದರು. ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಮೈಸೂರಿನ ಶಾಮಾಶಾಸ್ತ್ರಿಗಳು ಆ ದಾರಿಯಲ್ಲೇ ಮುಂದೆ ಹೋಗಿ, ಪಾತ್ರೆಗೆ ಕೊಂಚ ಮಧು ಹಾಕುವ ಅರ್ಥದ ಕನ್ನಡ ಮಾತುಗಳನ್ನು ಅಲ್ಲಿ ಕಂಡರು. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದು. ಪಪೈರಸ್ಸಿನ ಮಾತು ಕನ್ನಡವೇ ಆದರೆ ಬರಹಕ್ಕಿಳಿದ ಕನ್ನಡದ ವಯಸ್ಸು ಒಮ್ಮೆಲೇ ಇನ್ನೂರೈವತ್ತು ವರ್ಷಕ್ಕಿಂತ ಹಿಂದೆ ಹೋಗುತ್ತದೆ. ಹಾಗಾಗಿ ಇದು ಬರಿಯ ಕುತೂಹಲದ ವಿಷಯವಾಗಿರಲಿಲ್ಲ.

ಗೋವಿಂದ ಪೈಗಳು ಕೈಹಾಕಿದ್ದು ಇಲ್ಲಿ. ಗ್ರೀಕ್ ಮತ್ತು ಹಳಗನ್ನಡ ಎರಡನ್ನೂ ಓದಬಲ್ಲ, ಅದರ ಮೇಲೆ ಈ ಕರಾವಳಿಯ ಒಂದೊಂದು ಅಳಿವೆಯನ್ನೂ ಬಲ್ಲ ಎಷ್ಟು ಜನ ಆಗ ಇದ್ದಿರಬಹುದು! ಅವರು ಕೇಳಿದ ಪ್ರಶ್ನೆ, ಇದು ನಡೆದ ಊರು ಯಾವುದು ಎಂಬುದು. ಉದ್ಯಾವರ ಎಂದರು. ಮಂಜೇಶ್ವರದ ಮಗ್ಗುಲಲ್ಲಿರುವ ಉದ್ಯಾವರವಲ್ಲ, ಉಡುಪಿಯ ಹತ್ತಿರದ್ದು, ಆಳುಪ ಅರಸರ ರಾಜಧಾನಿಯಾಗಿದ್ದ ಊರು. ಗ್ರೀಕಿನಲ್ಲಿ ಒಡೋರ ಎಂದಿರುವುದೇ ಅದು ಎಂಬುದು ಅವರ ಅಭಿಪ್ರಾಯ. ತುಳುನಾಡಿನ ಚರಿತ್ರೆ ಬರೆದ ಭಾಸ್ಕರ ಆನಂದ ಸಾಲೆತ್ತೂರರು ಒಪ್ಪಲಿಲ್ಲ. ಅದು ಮಲ್ಪೆಯ ಪಕ್ಕದ ವಡಭಾಂಡೇಶ್ವರ ಎಂದರು. ರಾಜ ತನ್ನನ್ನು ಮಲ್ಪೆಯ ನಾಯಕನೆಂದು ಕರೆದುಕೊಳ್ಳುತ್ತಾನೆ ಎಂಬ ಓದೂ ಇದೆ. ಉದ್ಯಾವರಕ್ಕೂ ಮಲ್ಪೆಗೂ ನಡುವೆ ಇರುವುದು ಕೆಲವೇ ಮೈಲಿ. ಈಜಿಪ್ಟಿನ ಕಸದ ದಿಬ್ಬದಲ್ಲಿ ಸಿಕ್ಕ ಒಂದು ಹಾಳೆಗಾಗಿ ನಮ್ಮವರಿಬ್ಬರು ಆ ಕೆಲವು ಮೈಲಿಗಳ ಮೇಲೆ ವಾದ ಹೂಡಿದ್ದು ನನಗೆ ಬಹಳ ಇಷ್ಟದ ಸಂಗತಿ. ಪೈಗಳ ಊಹೆ ತಪ್ಪೇ ಇರಬಹುದು. ಆದರೆ ಅವರು ಹೇಳಿದ್ದು ಬಸ್ಸು ಹತ್ತಿ ಹೋಗಿ ನೋಡಬಹುದಾದ ಜಾಗವನ್ನು.

ಇನ್ನೊಂದು ಪಕ್ಷವನ್ನೂ ಹೇಳಬೇಕು. 1926ರಲ್ಲಿ ಬಾರ್ನೆಟ್ ಎಂಬ ವಿದ್ವಾಂಸರು ಈಜಿಪ್ಟಿನ ಪುರಾತತ್ವದ ಪತ್ರಿಕೆಯೊಂದರಲ್ಲೇ ಇದು ಕನ್ನಡವೆಂಬುದನ್ನು ಅಲ್ಲಗಳೆದರು. ತುಳು ಎಂದವರು ಆಮೇಲೆ ಬಂದರು. ಯಾವ ಭಾಷೆಯೂ ಅಲ್ಲ, ಪ್ರೇಕ್ಷಕರನ್ನು ನಗಿಸಲು ಮಾಡಿದ ಬಡಬಡಿಕೆ ಎನ್ನುವವರೂ ಇದ್ದಾರೆ. ಗ್ರೀಕ್ ಲಿಪಿಯಲ್ಲಿ ನಮ್ಮ ಟ ಮತ್ತು ತ ಬೇರೆಯಾಗುವುದಿಲ್ಲ, ಳ ಇಲ್ಲವೇ ಇಲ್ಲ. ಪದಗಳ ನಡುವೆ ಜಾಗ ಬಿಡುವ ರೂಢಿಯಿಲ್ಲ. ನಕಲು ಮಾಡಿದವನಿಗೆ ಆ ಮಾತಿನ ಅರ್ಥ ಗೊತ್ತಿರುವ ಸಂಭವ ಕಡಿಮೆ.

ಇದನ್ನು ತರಗತಿಯಲ್ಲಿ ತೋರಿಸಲು ನನ್ನದೊಂದು ಉಪಾಯವಿದೆ. ಹಸಿವಾಗುತ್ತಿದೆ ಎಂಬುದಕ್ಕೆ ತುಳುವಿನಲ್ಲಿ ಎಂಕ್ ಬಡವಾಪುಂಡು ಎನ್ನುತ್ತೇವೆ. ಅದನ್ನು ಎಡೆಬಿಡದೆ ಇಂಗ್ಲಿಷ್ ದೊಡ್ಡಕ್ಷರಗಳಲ್ಲಿ ಕರಿಹಲಗೆಯ ಮೇಲೆ ಬರೆದು, ಘಟ್ಟದ ಮೇಲಿನಿಂದ ಬಂದ, ತುಳು ಬಾರದ ಮಗುವಿಗೆ ಓದಲು ಹೇಳುತ್ತೇನೆ. ಅದು ಹೆಚ್ಚಾಗಿ ನಡುವಿನ ಬಡವ ಎಂಬ ಪದವನ್ನು ಹಿಡಿದು, ಯಾರೋ ಬಡವನ ವಿಷಯ ಎನ್ನುತ್ತದೆ. ತುಳುವಿನ ಮಕ್ಕಳು ಹೊಟ್ಟೆ ಹಿಡಿದು ನಗುತ್ತಾರೆ. ಆ ನಗೆ ನಿಂತ ಮೇಲೆ ಶಾಮಾಶಾಸ್ತ್ರಿಗಳು, ಪೈಗಳು, ಬಾರ್ನೆಟ್ಟರು ಎಂಥ ಕಷ್ಟಕ್ಕೆ ಕೈಹಾಕಿದ್ದರು ಎಂಬುದನ್ನು ಎರಡೇ ಮಾತಿನಲ್ಲಿ ಹೇಳಿದರೆ ಸಾಕಾಗುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ನವೆಂಬರ್ ತಿಂಗಳ ಭಾಷಣಗಳಲ್ಲಿ ಎರಡು ಸಾವಿರ ವರ್ಷದ ಹಿಂದೆ ಈಜಿಪ್ಟಿನಲ್ಲಿ ಕನ್ನಡ ನಾಟಕವಾಡುತ್ತಿದ್ದರು ಎಂದು ಗಟ್ಟಿಯಾಗಿ ಹೇಳುವುದನ್ನು ಕೇಳಿದ್ದೇನೆ. ತುಳು ಸಭೆಗಳಲ್ಲಿ ಅದೇ ನಾಟಕ ತುಳುವಿನದಾಗುತ್ತದೆ. ಮಕ್ಕಳು ಮರುದಿನ ಬಂದು ಯಾವುದು ಸರಿ ಸರ್ ಎಂದು ಕೇಳುತ್ತಾರೆ. ಚಪ್ಪಾಳೆಗೆ ಬೇಕಾದ ಉತ್ತರ ಕೊಡುವುದು ಸುಲಭ. ನಾನು ತೀರ್ಮಾನವಾಗಿಲ್ಲ ಎಂದೇ ಹೇಳುತ್ತೇನೆ, ಯಾಕೆ ಆಗಿಲ್ಲ ಎಂಬುದನ್ನೂ ಹೇಳುತ್ತೇನೆ. ಇದರಿಂದ ಊರಿನ ಮರ್ಯಾದೆ ಕಡಿಮೆಯಾಗುತ್ತದೆ ಎಂದು ಭಾವಿಸುವ ಹಿರಿಯರಿದ್ದಾರೆ, ನನಗೆ ಹಾಗನಿಸುವುದಿಲ್ಲ. ಸಂಶಯವಿಲ್ಲದ ಸಾಕ್ಷಿಗಳೇ ನಮಗೆ ಬೇಕಾದಷ್ಟಿವೆ. ಕೆಂಪು ಸಮುದ್ರದ ದಂಡೆಯಲ್ಲಿ ಬೆರೆನಿಕೆ ಎಂಬ ಹಳೆಯ ಬಂದರಿದೆ. ಅಲ್ಲಿಯ ದೇವಾಲಯದಲ್ಲಿ ಅಗೆದಾಗ ಭಾರತದಲ್ಲಿ ಮಾಡಿದ ದೊಡ್ಡ ಭರಣಿಯೊಂದು ಸಿಕ್ಕಿತು, ಒಳಗೆ ಏಳೂವರೆ ಕಿಲೋ ಒಳ್ಳೆಮೆಣಸು. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ವರ್ತಕ ಕಾಸ್ಮಾಸ್ ಮೆಣಸು ರಫ್ತು ಮಾಡುವ ಬಂದರುಗಳನ್ನು ಪಟ್ಟಿ ಮಾಡುವಾಗ ಮಂಗರೂತ್ ಎಂದು ಬರೆದದ್ದು ನಮ್ಮ ಮಂಗಳೂರನ್ನೇ.

ನಮ್ಮ ಕಡೆಯ ದಾಖಲೆ ಯಾಕೆ ಉಳಿದಿಲ್ಲ ಎಂದು ಮಕ್ಕಳು ಕೇಳುವುದುಂಟು. ಉತ್ತರ ತರಗತಿಯ ಕಿಟಕಿಯಾಚೆ ಜೂನ್ ತಿಂಗಳಲ್ಲಿ ಸುರಿಯುತ್ತಿರುತ್ತದೆ. ಇಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ. ತಾಳೆಗರಿಯನ್ನು ಒರಲೆ ಬಿಟ್ಟರೆ ಬೂಸ್ಟು ತಿನ್ನುತ್ತದೆ. ಆಕ್ಸಿರಿಂಕಸ್ಸಿನಲ್ಲಿ ಮಳೆಯೇ ಇಲ್ಲವೆನ್ನಬಹುದು. ಕಸವೂ ಅಲ್ಲಿ ಉಳಿಯಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು, ಅದರೊಂದಿಗೆ ಮಂಜೇಶ್ವರವೂ ಹೋಯಿತು. ಗೋವಿಂದ ಪೈಗಳು ಮನೆ ಬದಲಿಸಲಿಲ್ಲ, ರಾಜ್ಯ ಬದಲಾಯಿತು. ಜೀವನವಿಡೀ ಊರುಗಳ ಹಳೆಯ ಹೆಸರು ಮತ್ತು ಗಡಿಗಳನ್ನು ಹುಡುಕಿದವರಿಗೆ ಇದರ ನೋವು ಸಣ್ಣದಾಗಿರಲಿಲ್ಲ. 1963ರ ಸೆಪ್ಟೆಂಬರ್ 6ರಂದು ಅವರು ತೀರಿಕೊಂಡರು. ಅವರ ಗ್ರಂಥಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಬಂತು, ಅಲ್ಲಿ ಅವರ ಹೆಸರಿನಲ್ಲಿ ಸಂಶೋಧನ ಕೇಂದ್ರ ಬೆಳೆಯಿತು. ಆರು ಸಂಪುಟಗಳ ತುಳು ನಿಘಂಟು ಸಿದ್ಧವಾದದ್ದು ಆ ಕೇಂದ್ರದಲ್ಲಿ. ಪ್ರಹಸನದ ಮಾತು ಕನ್ನಡವಲ್ಲ, ತುಳು ಎಂದು ಪೈಗಳ ವಿರುದ್ಧ ವಾದಿಸಲು ಹೊರಟವರು ಪದಗಳ ಅರ್ಥ ಹುಡುಕಲು ಈಗ ತೆರೆಯಬೇಕಾದದ್ದು ಆ ಸಂಪುಟಗಳನ್ನೇ.